ಬಂಗಾರದ ಮುಳ್ಳಿನ ಪಾಪಸುಕಳ್ಳಿ



ಪಾಪಸುಕಳ್ಳಿ ಎಂದರೆ ಬೇಲಿಯ ಗಿಡ, ಹೊಲಕ್ಕೆ ನುಗ್ಗಿದರೆ ಕಡಿದೆಸೆಯುವ ಕಳೆ ಎಂಬುದು ನಮ್ಮ ಹಳ್ಳಿಗಳ ರೂಢಿ. ಆದರೆ ಅದೇ ಕುಟುಂಬದ ಒಂದು ಗಿಡ ತನ್ನ ತವರಿನಲ್ಲಿಯೇ ಅಳಿವಿನ ಅಂಚಿನಲ್ಲಿದೆ. ಕುಂಬಳಕಾಯಿಯಂತೆ ದುಂಡಗೆ, ಏಣು ಏಣಾಗಿ, ಮೈತುಂಬ ಹೊನ್ನಿನ ಬಣ್ಣದ ಮುಳ್ಳು ಹೊತ್ತ ಈ ಗಿಡಕ್ಕೆ ‘ಗೋಲ್ಡನ್ ಬ್ಯಾರೆಲ್’ ಎಂದು ಹೆಸರು. ಮೆಕ್ಸಿಕೋ ದೇಶದ ಕ್ವೆರೆಟಾರೊ, ಹಿಡಾಲ್ಗೊ ಪ್ರಾಂತಗಳ ಕಡಿದಾದ ಕಣಿವೆಗಳು ಇದರ ತವರು. 1990ರ ದಶಕದಲ್ಲಿ ಅಲ್ಲಿ ಸಿಮಾಪಾನ್ ಅಣೆಕಟ್ಟು ಕಟ್ಟಿದಾಗ ಈ ನೆಲೆಯ ದೊಡ್ಡ ಭಾಗ ಮುಳುಗಿತು. ಅಳಿದುಳಿದವನ್ನು ಕಿತ್ತು ಮಾರಿದವರೂ ಉಂಟು. ನಮ್ಮ ನರ್ಸರಿಗಳಲ್ಲಿ ಸಿಗುವುದು ಬೀಜದಿಂದ ಬೆಳೆಸಿದ ಸಸಿ, ಅದನ್ನೇ ಕೊಳ್ಳಬೇಕು.

ಕುಂಡದಲ್ಲಿಯೂ ಇದನ್ನು ಕೊಲ್ಲುವುದು ನೀರೇ. ಬಾಡಿದ್ದಕ್ಕೆ ನೀರುಣಿಸುವುದು ಒಕ್ಕಲುತನದ ಅಭ್ಯಾಸ. ಇಲ್ಲಿ ಆ ಅಭ್ಯಾಸ ಸಲ್ಲದು. ಈ ಗಿಡ ನೀರನ್ನು ಕಾಂಡದಲ್ಲಿ ಕೂಡಿಡುತ್ತದೆ; ತನ್ನ ಉಸಿರಾಟದ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವುದರಿಂದ ಅದರ ನೀರಿನ ಖರ್ಚು ಬಹಳ ಕಡಿಮೆ. ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಗಾಳಿಯಾಡದೆ ಕೊಳೆ ಹತ್ತುತ್ತದೆ. ಬುಡ ಹಳದಿಯಾಗಿ ಮೆತ್ತಗಾಗುವುದು ಕೊಳೆಯ ಗುರುತು. ಬಾಯಾರಿಕೆಯೆಂದು ಆಗ ಇನ್ನೊಂದು ತಂಬಿಗೆ ಸುರಿದರೆ ಗಿಡ ಉಳಿಯುವುದಿಲ್ಲ.

ತಳದಲ್ಲಿ ತೂತಿರುವ ಮಣ್ಣಿನ ಕುಂಡವೇ ಒಳ್ಳೆಯದು. ಅರ್ಧ ಪಾಲು ದಪ್ಪ ಮರಳು ಇಲ್ಲವೇ ಇಟ್ಟಿಗೆ ಚೂರು, ಉಳಿದರ್ಧ ಕೆಂಪು ಮಣ್ಣು, ಒಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಎರೆಮಣ್ಣು ಬೇಡ. ಒಂದು ಒಣ ಕಡ್ಡಿಯನ್ನು ಕುಂಡದ ಆಳಕ್ಕೆ ಚುಚ್ಚಿ ತೆಗೆದಾಗ ಅದಕ್ಕೆ ತೇವ ಅಂಟಿರದಿದ್ದರೆ ಮಾತ್ರ ನೀರು ಕೊಡಬೇಕು. ಕೊಟ್ಟಾಗ ತಳದಿಂದ ಹರಿಯುವಷ್ಟು ಕೊಡಬೇಕು. ಚಳಿಗಾಲದಲ್ಲಿ ಬಹುಪಾಲು ಒಣಗಿಯೇ ಇರಲಿ. ಮುಂಗಾರು ಹಿಡಿದೊಡನೆ ಕುಂಡವನ್ನು ಸೂರಿನಡಿಗೆ ಸರಿಸತಕ್ಕದ್ದು.

ಬಿಸಿಲು ಇದಕ್ಕೆ ಬೇಕೇ ಬೇಕು. ಆದರೆ ನೆರಳಿನಲ್ಲಿ ಬೆಳೆದ ಸಸಿಯನ್ನು ಏಪ್ರಿಲ್ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಮೈ ಸುಟ್ಟು ಬೀಳುವ ಬಿಳಿ ಕಲೆ ಮತ್ತೆ ಹೋಗದು. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು.

ಮುಳ್ಳಿನ ಬುಡದಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟು ತಿಗಣೆ ಇರಬಹುದು. ನೆತ್ತಿಯ ಉಣ್ಣೆ ಮಾತ್ರ ಗಿಡದ್ದೇ, ಅದನ್ನು ಕೆರೆಯಬಾರದು. ತಿಗಣೆಯಾದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು.

ಹೂವಿಗೆ ಆತುರ ಬೇಡ. ಗಿಡ ದೊಡ್ಡದಾಗಲು ಹಲವಾರು ವರ್ಷ ಬೇಕು. ಆಮೇಲೆ ನೆತ್ತಿಯಲ್ಲಿ ಹಳದಿ ಹೂ ಬರುತ್ತದೆ. ಸಂತೆಯಲ್ಲಿ ನಿಂಬೆಗಾತ್ರದ ಸಸಿಗೆ ಕೆಂಪು ಹೂ ಕಂಡರೆ, ಅದು ಗೋಂದಿನಿಂದ ಅಂಟಿಸಿದ ಒಣ ಹೂವೇ ಎಂದು ಎಳೆದು ನೋಡುವುದು ಕ್ಷೇಮ.

ಕುಂಡ ಬದಲಿಸುವಾಗ ಗಿಡಕ್ಕೆ ಹಳೆಯ ಗೋಣಿಚೀಲ ಸುತ್ತಿ ಎತ್ತಬೇಕು. ಹೊಸ ಕುಂಡದಲ್ಲಿ ನೆಟ್ಟ ಮೇಲೆ ಬೇರಿನ ಗಾಯ ಮಾಯುವವರೆಗೆ, ಅಂದರೆ ಒಂದು ವಾರ, ನೀರು ಹಾಕಬಾರದು.