ಸೋನಘಂಟೆಯ ಬೀಜ



ನಮ್ಮ ಕಡೆ ಹಿತ್ತಲ ಬೇಲಿಗುಂಟ, ಹಾಳುಗೋಡೆಯ ಮಗ್ಗುಲಲ್ಲಿ ಒಂದು ಗಿಡ ತಾನಾಗಿ ಹುಟ್ಟುತ್ತದೆ. ಹಳದಿ ಹೂ, ಮಖಮಲ್ಲಿನಂಥ ಎಲೆ. ಅದರ ಕಾಯಿಯನ್ನು ಅಂಗೈಗೆ ಒತ್ತಿಕೊಂಡರೆ ಚಕ್ರದಂಥ ಗುರುತು ಮೂಡುತ್ತದೆ. ಅದಕ್ಕೇ ಅದು ಶ್ರೀಮುದ್ರೆ. ಮರಾಠಿಯವರು ಅದನ್ನು ಪೇಟಾರಿ ಅನ್ನುತ್ತಾರೆ. ನಿಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಆ ಮುದ್ರೆ ಒತ್ತಿಕೊಂಡು ಆಡಿದವರೇ. ಪುಣೆಯ ಕನ್ನಡಿಗರ ಈ ದತ್ತಿ ಸಭೆಯಲ್ಲಿ ಇವತ್ತು ನಾನು ಮಾತಾಡಲು ಬಂದಿರುವುದು ಅದೇ ಕುಲದ, ಆದರೆ ಅದರಷ್ಟು ಅದೃಷ್ಟವಿಲ್ಲದ ಇನ್ನೊಂದು ಗಿಡದ ಬಗ್ಗೆ. ಶ್ರೀಮುದ್ರೆ ದೇಶದ ತುಂಬ ಇದೆ. ಈ ಗಿಡ ಇರುವುದು ಉತ್ತರ ಸಹ್ಯಾದ್ರಿಯ ಬೆರಳೆಣಿಕೆಯ ಇಳಿಜಾರುಗಳಲ್ಲಿ. ಜಗತ್ತಿನಲ್ಲಿ ಬೇರೆಲ್ಲೂ ಅದು ಕಾಡುಗಿಡವಾಗಿ ಬೆಳೆಯುವುದಿಲ್ಲ.

ಮರಾಠಿಯಲ್ಲಿ ಅದರ ಹೆಸರು ಸೋನಘಂಟಾ, ಬಂಗಾರದ ಗಂಟೆ. ಆಳೆತ್ತರದ ಪೊದೆ, ಹೃದಯದಾಕಾರದ ಎಲೆ. ಮಳೆ ಹಿಂದಾಗಿ ಚಳಿ ಬಿದ್ದ ಮೇಲೆ ಕೊಂಬೆಯ ತುದಿಗಳಲ್ಲಿ ತಲೆಕೆಳಗಾಗಿ ಜೋತುಬೀಳುವ ಹೂಗಳು. ಕಿತ್ತಳೆ ಬೆರೆತ ಹಳದಿ ದಳಗಳ ಮೇಲೆ ಕಡುಗೆಂಪು ನರಗಳು. ಶಾಸ್ತ್ರೀಯವಾಗಿ ಅದು ಅಬುಟಿಲಾನ್ ರಾನಡೆಯೈ.

ಈ ಹೆಸರಿನಲ್ಲಿರುವ ರಾನಡೆ ಯಾರು ಎಂದು ಕೇಳಿದರೆ ಉತ್ತರ ಪುಣೆಯಲ್ಲೇ ಸಿಗುತ್ತದೆ. ಎನ್. ಬಿ. ರಾನಡೆ ಇಲ್ಲಿಯ ವಿಜ್ಞಾನ ಕಾಲೇಜಿನ ಗಿಡಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವರು. ಘಟ್ಟ ಹತ್ತಿಳಿದು ಗಿಡ ತರುವುದು, ಒತ್ತಿ ಒಣಗಿಸುವುದು, ಹಾಳೆಗೆ ಅಂಟಿಸಿ ಊರು, ತಿಂಗಳು ಬರೆದಿಡುವುದು ಅವರ ಕೆಲಸ. ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ, ಗಣೇಶಖಿಂಡ್ ತೋಟದ ಮೇಲ್ವಿಚಾರಕರೂ ಆಗಿದ್ದ ಜಾರ್ಜ್ ಮಾರ್ಷಲ್ ವುಡ್ರೋ, ಕ್ಯೂ ಉದ್ಯಾನದ ಒಟ್ಟೊ ಸ್ಟಾಪ್ಫ್ ಜೊತೆ ಸೇರಿ 1894ರಲ್ಲಿ ಈ ಗಿಡವನ್ನು ಜಗತ್ತಿಗೆ ಪರಿಚಯಿಸಿದರು. ಹೆಸರನ್ನು ಮಾತ್ರ ರಾನಡೆಯವರಿಗೆ ಕೊಟ್ಟರು. ಆ ಕಾಲದಲ್ಲಿ ನಮ್ಮ ಗಿಡಗಳಿಗೆ ಗವರ್ನರುಗಳ ಹೆಸರು ಬರುತ್ತಿತ್ತು. ಇದೇ ಪುಣೆ ಜಿಲ್ಲೆಯ ಶಿವನೇರಿಯ ಅಪರೂಪದ ಸಸ್ಯ ಫ್ರೇರಿಯಾಕ್ಕೆ ಮುಂಬಯಿ ಗವರ್ನರ್ ಬಾರ್ಟಲ್ ಫ್ರೇರ್ ಹೆಸರು ಬಂದದ್ದು ಹಾಗೆ. ಗಿಡ ಹುಡುಕಿ ತಂದ ದೇಶೀ ಕೆಲಸಗಾರನ ಹೆಸರು ಗಿಡಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ನನಗೆ ಈ ಪೊದೆಯ ಮೇಲೆ ಅಭಿಮಾನ ಹುಟ್ಟಿದ್ದೇ ಅದರಿಂದ. ವುಡ್ರೋ ನೋಡಿಕೊಂಡ ಗಣೇಶಖಿಂಡ್ ತೋಟ 2020ರಲ್ಲಿ ಜೀವವೈವಿಧ್ಯ ಪರಂಪರೆಯ ತಾಣವಾಗಿ ಘೋಷಣೆಯಾಯಿತು. ಬಸ್ಸಿನಲ್ಲಿ ಅದರ ಮುಂದೆ ದಿನಾ ಹಾದುಹೋಗುವವರು ಒಮ್ಮೆ ಇಳಿದು ಒಳಗೆ ಹೋಗಿಬನ್ನಿ.

ಗಿಡವನ್ನು ಉಳಿಸುವ ಮಾತಿಗೆ ಮುಂಚೆ ಅದನ್ನು ಗುರುತಿಸುವ ಮಾತು. ಇಲ್ಲೊಂದು ತೊಡಕಿದೆ. ದಕ್ಷಿಣ ಅಮೆರಿಕದಿಂದ ಬಂದು ತಂಪು ಊರುಗಳ ತೋಟಗಳಲ್ಲಿ ನೆಲೆಸಿದ ಅಬುಟಿಲಾನ್ ಪಿಕ್ಟಮ್ ಎಂಬುದೊಂದಿದೆ. ಅದಕ್ಕೂ ಜೋತುಬೀಳುವ ಕಿತ್ತಳೆ ಗಂಟೆ, ಅದಕ್ಕೂ ಕೆಂಪು ನರ. ಹೂವಿನ ಫೋಟೋ ಒಂದನ್ನೇ ನೋಡಿದರೆ ಯಾರಾದರೂ ಮೋಸಹೋಗಬಹುದು. ಎಲೆ ನೋಡಬೇಕು. ಪರದೇಶದ್ದರ ಎಲೆ ಬೆರಳು ಬಿಟ್ಟಂತೆ ಸೀಳಿರುತ್ತದೆ, ನಮ್ಮದರ ಎಲೆ ಹಾಗೆ ಸೀಳಿರುವುದಿಲ್ಲ. ಫೋಟೋ ತೆಗೆಯುವವರು ಎಲೆ, ಕಾಂಡ, ಕಾಯಿ ಮೂರನ್ನೂ ತೆಗೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅಷ್ಟಾದರೂ ಕೊನೆಯ ತೀರ್ಮಾನ ಒಣಗಿದ ಹಾಳೆಯ ಪಕ್ಕದಲ್ಲೇ ಆಗಬೇಕು. ಕೋರೆಗಾಂವ್ ರಸ್ತೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರ 1955ರಿಂದ ಇದೆ. ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲೂ ಇಂಥ ಸಂಗ್ರಹವಿದೆ. ನೂರು ವರ್ಷ ಹಿಂದಿನ ಒಣ ಎಲೆಯ ಪಕ್ಕ ನಿನ್ನೆ ತಂದ ಎಲೆ ಇಟ್ಟು, ರೋಮ ರೋಮ ಹೋಲಿಸಿ, ಹೌದು ಇದೇ ಎನ್ನುವ ಗಳಿಗೆಗೆ ಕಾದವರಿಗೇ ಅದರ ಸುಖ ಗೊತ್ತು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದವರಿಗೆ ಆ ಸುಖ ತುಸು ಪರಿಚಯವಿದ್ದೀತು.

ಇನ್ನು ಬೀಜ. ಸೋನಘಂಟೆ ಚಳಿಗಾಲದಲ್ಲಿ ಹೂ ಬಿಡುತ್ತದೆ. ಕಾಯಿ ಬಲಿಯುವುದು, ಒಣಗಿ ಹೋಳಾಗಿ ಬಿರಿಯುವುದು ಅದರ ಬೆನ್ನಿಗೇ, ಗುಡ್ಡದ ಹುಲ್ಲು ಬಣವೆಯಂತೆ ಒಣಗಿ ನಿಂತ ದಿನಗಳಲ್ಲಿ. ಹೊಸ ಹುಲ್ಲು ಚೆನ್ನಾಗಿ ಬರುತ್ತದೆಂದು ಗುಡ್ಡಕ್ಕೆ ಬೆಂಕಿ ಇಡುವುದೂ ಅದೇ ದಿನಗಳಲ್ಲಿ. ಇಲ್ಲಿಯವರು ಅದಕ್ಕೆ ವಣವಾ ಅನ್ನುತ್ತಾರೆ. ಗಿಡ ಅಪರೂಪವಾದದ್ದಕ್ಕೆ ಕಾರಣ ಹಲವಿದ್ದಾವು: ರಸ್ತೆ ಅಗಲ ಮಾಡುವುದು, ಮೇಯುವ ದನ, ಕೋಟೆ ಹತ್ತುವವರ ದಟ್ಟಣೆ. ಆದರೆ ಬೀಜ ಮಣ್ಣಿಗೆ ಬೀಳುವ ಹೊತ್ತಿಗೇ ಬೆಂಕಿ ಬರುವುದಿದೆಯಲ್ಲ, ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲವೆಂದು ನಾನು ತಿಳಿದಿದ್ದೇನೆ. ಬೆಂಕಿಯಿಂದ ಪಾರಾದ ಕಾಯಿಗೆ ತಿಗಣೆ, ಸೊಂಡಿಲು ಹುಳುಗಳ ಕಾಟ ಬೇರೆ. ಹತ್ತಿ ಬೆಳೆದ ಸೀಮೆಯವರಿಗೆ ಆ ಕೆಂಪು ತಿಗಣೆಯನ್ನು ಪರಿಚಯಿಸಬೇಕಿಲ್ಲ. ಸೋನಘಂಟೆಯೂ ಹತ್ತಿಯ ಕುಟುಂಬದ್ದೇ.

ಹಾಗಾದರೆ ಇರುವ ಬೀಜವನ್ನೆಲ್ಲ ಬಾಚಿ ತಂದುಬಿಡೋಣ ಎನ್ನುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು, ದಾರಿ ತಪ್ಪಾದದ್ದು. ದತ್ತಿ ಎಂದರೇನೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಹಿರಿಯರು ಇಟ್ಟ ಅಸಲನ್ನು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ಕೆಲಸ ನಡೆಯಬೇಕು. ಬೀಜ ಸಂಗ್ರಹದ ಧರ್ಮವೂ ಅದೇ. ಸಂಗ್ರಹಿಸುವ ದಿನ ಬಲಿತಿರುವ ಬೀಜದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ತೆಗೆಯಬಾರದೆಂದು ಜಗತ್ತಿನ ಬೀಜ ಭಂಡಾರಗಳು ನಿಯಮ ಮಾಡಿಕೊಂಡಿವೆ. ನಾಲ್ಕೇ ಗಿಡ ಇರುವಲ್ಲಿ ಅಷ್ಟೂ ಹೆಚ್ಚೇ. ಒಂದೇ ಗಿಡದಿಂದ ಬೊಗಸೆ ತುಂಬ ತರುವುದಕ್ಕಿಂತ ಹತ್ತು ಗಿಡಗಳಿಂದ ಹತ್ತತ್ತು ಬೀಜ ತರುವುದು ಮೇಲು. ಒಂದೇ ತಾಯಿಯ ಮಕ್ಕಳಿಂದ ಊರು ಕಟ್ಟಲಾಗದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೈಹಾಕುವಂತೆಯೂ ಇಲ್ಲ.

ತಂದ ಬೀಜವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಬೆವರಿ ಬೂಸಲು ಹಿಡಿಯುತ್ತದೆ. ಕಾಗದ ಅಥವಾ ಬಟ್ಟೆಯ ಚೀಲ ಸಾಕು. ನೆರಳಲ್ಲಿ ಒಣಗಿಸಬೇಕು. ನಮ್ಮ ಅಜ್ಜಿಯರು ಬೀಜದ ಕಾಳನ್ನು ಒಣಗಿಸಿ ಬೂದಿ ಬೆರೆಸಿ ಮಡಕೆಯ ಬಾಯಿ ಕಟ್ಟಿಡುತ್ತಿದ್ದರಲ್ಲ, ಭಂಡಾರಗಳಲ್ಲಿ ನಡೆಯುವುದೂ ಅದರ ಮುಂದಿನ ಹೆಜ್ಜೆಯೇ. ಬೀಜದ ತೇವ ನೂರಕ್ಕೆ ಒಂದರಷ್ಟು ಇಳಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಟ್ಟ ಕೋಣೆಯ ಶಾಖ 5 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ಆದ್ದರಿಂದಲೇ ಭಂಡಾರಗಳು ಸೊನ್ನೆಗಿಂತ 18-20 ಡಿಗ್ರಿ ಕೆಳಗೆ ಬೀಜವನ್ನು ಕಾಪಿಡುತ್ತವೆ. ಈ ಕುಟುಂಬದ ಬೀಜಗಳ ಇನ್ನೊಂದು ಗುಣವೆಂದರೆ ಗಟ್ಟಿ ಸಿಪ್ಪೆ. ನೀರು ಒಳಗಿಳಿಯದು. ನೆಟ್ಟು ವಾರಗಟ್ಟಲೆ ಕಾದು, ಬೀಜ ಸತ್ತಿದೆ ಎಂದು ಮಣ್ಣು ಚೆಲ್ಲಿಬಿಡುವವರು ಬಹಳ. ಸತ್ತಿರುವುದಿಲ್ಲ, ನಿದ್ದೆಯಲ್ಲಿರುತ್ತದೆ. ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ ನೆನೆಹಾಕಿದರೆ ಎಚ್ಚರಗೊಳ್ಳುವುದುಂಟು.

ಒಂದು ನೋವನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ಒಂದು ತೋಟದ ಕಪಾಟಿನಲ್ಲಿ ನನಗೆ ಬೀಜದ ಪೊಟ್ಟಣಗಳನ್ನು ತೋರಿಸಿದರು. ಯಾರೋ ಶ್ರದ್ಧೆಯಿಂದ ಕೂಡಿಸಿದವು. ಚೀಟಿಗಳ ಶಾಯಿ ಹರಡಿ ಹೋಗಿತ್ತು. ಯಾವ ಗಿಡ, ಯಾವ ಗುಡ್ಡ, ಯಾವ ವರ್ಷ, ಒಂದೂ ಉಳಿದಿರಲಿಲ್ಲ. ಬೀಜ ಬದುಕಿದ್ದವೋ ಏನೋ, ಅವಕ್ಕೆ ಮರಳಿ ಹೋಗಲು ಊರಿರಲಿಲ್ಲ. ಅಂದಿನಿಂದ ನಾನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ, ಎರಡು ಚೀಟಿ ಬರೆಯುತ್ತೇನೆ, ಒಂದು ಪೊಟ್ಟಣದ ಒಳಗೆ, ಒಂದು ಹೊರಗೆ. ರಾನಡೆಯವರ ಕೆಲಸ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು ಅವರು ಗಿಡ ತಂದರು ಎಂಬುದರಿಂದಷ್ಟೇ ಅಲ್ಲ, ಎಲ್ಲಿಂದ ತಂದೆನೆಂದು ಬರೆದಿಟ್ಟರು ಎಂಬುದರಿಂದ.

ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯೋದ್ಯಾನದಂಥ ಕಡೆ ಸಹ್ಯಾದ್ರಿಯ ಅಪರೂಪದ ಗಿಡಗಳನ್ನು ಬೆಳೆಸುವ ಒಳ್ಳೆಯ ಕೆಲಸ ನಡೆದಿದೆ. ಅದು ನಮ್ಮ ಬೆಳಗಾವಿಗೆ ತೀರ ದೂರವೇನಲ್ಲ. ತೋಟದ ಗಿಡ ಗುಡ್ಡದ ಗಿಡಕ್ಕೆ ಜಾಮೀನು, ಬದಲಿಯಲ್ಲ. ಕುಂಡದಲ್ಲಿ ನೂರು ಸಸಿ ಇದ್ದು ಗುಡ್ಡದಲ್ಲಿ ಒಂದೂ ಇಲ್ಲದಿದ್ದರೆ ನಾವು ಸೋತೆವೆಂದೇ ನನ್ನ ಎಣಿಕೆ.

ನಿಮ್ಮ ಮಕ್ಕಳು ಭಾನುವಾರ ಭಾನುವಾರ ಕೋಟೆ ಹತ್ತಲು ಹೋಗುತ್ತಾರೆ. ಚಳಿಗಾಲದಲ್ಲಿ ಈ ಬಂಗಾರದ ಗಂಟೆ ಕಣ್ಣಿಗೆ ಬಿದ್ದರೆ ಕೊಂಬೆ ಮುರಿಯಬೇಡಿ, ಕಾಯಿ ಕೀಳಬೇಡಿ. ಎಲೆ, ಹೂ, ಕಾಯಿಯ ಫೋಟೋ ತೆಗೆದು, ದಿನ ಗುರುತು ಹಾಕಿಕೊಂಡು ಕೋರೆಗಾಂವ್ ರಸ್ತೆಯ ಸರ್ವೇಕ್ಷಣೆಯ ಕಚೇರಿಗೆ ಇಲ್ಲವೆ ಅರಣ್ಯ ಇಲಾಖೆಗೆ ತಿಳಿಸಿ. ಗಿಡ ಇರುವ ಜಾಗವನ್ನು ಮಾತ್ರ ವಾಟ್ಸಾಪ್‌ನಲ್ಲಿ ಹಂಚಬೇಡಿ. ನಾನೂ ಇಂದು ಯಾವ ಗುಡ್ಡದ ಹೆಸರನ್ನೂ ಹೇಳದೆ ಮಾತು ಮುಗಿಸುತ್ತಿರುವುದು ಅದಕ್ಕಾಗಿಯೇ.