ಕೆಲಸ ಬಿಟ್ಟುಹೋಗುವವರು

ರಾಜೀನಾಮೆಯ ಪತ್ರದಷ್ಟು ಸತ್ಯವನ್ನು ಮರೆಮಾಡುವ ಬರೆಹ ಇನ್ನೊಂದಿರಲಾರದು. ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಹಲವು ವರ್ಷ ಇಂಥ ಪತ್ರಗಳನ್ನು ಓದುವುದು ನನ್ನ ಪಾಲಿನ ಕೆಲಸವಾಗಿತ್ತು. ಎಲ್ಲದರಲ್ಲಿಯೂ ಒಂದೇ ಒಕ್ಕಣೆ: 'ಸ್ವಂತ ಕಾರಣಗಳಿಂದ' ಬಿಡುಗಡೆ ಬೇಡುತ್ತೇನೆ, ಇದುವರೆಗೆ ತೋರಿದ ವಿಶ್ವಾಸಕ್ಕೆ ಋಣಿ. ಆ ಸ್ವಂತ ಕಾರಣವು ಎಷ್ಟೋ ಸಲ ಪಕ್ಕದ ಕೋಣೆಯಲ್ಲಿಯೇ ಮೇಲ್ವಿಚಾರಕರ ಕುರ್ಚಿಯಲ್ಲಿ ಕುಳಿತಿರುತ್ತಿತ್ತು. ಅದನ್ನು ಬರೆಯುವ ಧೈರ್ಯ ಯಾರಿಗೆ? ಮುಂದೆ ಅನುಭವದ ಪ್ರಮಾಣಪತ್ರ ಬೇಕಲ್ಲ!

ನುರಿತ ಕೈಯೊಂದು ಹೊರಟುಹೋದಾಗ ಆಗುವ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಿಸುವುದಿಲ್ಲ. ಹೊಸಬನಿಗೆ ಕಲಿಸಬೇಕು, ಕಲಿಸುವವನ ಕೆಲಸ ಅಷ್ಟು ದಿನ ಹಿಂದೆ ಬೀಳಬೇಕು, ಯಂತ್ರದ ಸದ್ದಿನಿಂದಲೇ ಅದರ ರೋಗವನ್ನು ಹೇಳಬಲ್ಲವನ ತಿಳಿವು ಅವನೊಂದಿಗೇ ಗೇಟು ದಾಟಿ ಹೋಗುತ್ತದೆ. ಆದ್ದರಿಂದಲೇ ಜನರನ್ನು ಹಿಡಿದು ನಿಲ್ಲಿಸುವ ಚಿಂತೆ ಒಡೆಯರಿಗೆ ಹಿಂದಿನಿಂದಲೂ ಇದೆ.

ಅವರು ಮೊದಲು ನೆಚ್ಚಿದ್ದು ಹಗ್ಗವನ್ನು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಸೆರೆಗೆ ಕಳುಹಿಸಬಹುದೆಂಬ ಕಾನೂನೊಂದು 1859ರಲ್ಲಿ ಬಂದಿತು. ತೋಟಗಳ ಮಾಲೀಕರಿಗೆ ಅದು ಬಹಳ ಒದಗಿತು, ರದ್ದಾದದ್ದು 1925ರಲ್ಲಿ. ಸಾಲಕ್ಕೆ ಆಳನ್ನು ಕಟ್ಟಿಹಾಕುವ ಜೀತವನ್ನು ನಿಷೇಧಿಸಲು 1976ರ ಶಾಸನವೇ ಬರಬೇಕಾಯಿತು. ಇಂದು ಕೆಲಸಕ್ಕೆ ಸೇರುವ ಹುಡುಗರಿಂದ ಎರಡು ವರ್ಷ ಬಿಟ್ಟುಹೋಗುವುದಿಲ್ಲವೆಂದು ಬರೆಸಿಕೊಳ್ಳುವ ಕರಾರು, ಮೂರು ತಿಂಗಳ ನೋಟೀಸು, ಇವೆಲ್ಲ ಜೀತವೆಂದು ನಾನು ಹೇಳುತ್ತಿಲ್ಲ. ಆದರೆ ಬಾಗಿಲಿಗೆ ಅಗುಳಿ ಹಾಕಿದರೆ ಒಳಗಿರುವವನು ಉಳಿದಂತೆಯೇ ಎಂಬ ನಂಬಿಕೆ ಮಾತ್ರ ಹಳೆಯದೇ. 2021-22ರಲ್ಲಿ ಬೆಂಗಳೂರಿನ ಕೆಲವು ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳಿಂದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೊರಟುಹೋದರು. ಅಗುಳಿ ಆಗಲೂ ಇತ್ತು.

ಹಗ್ಗವನ್ನು ಬಿಟ್ಟು ಹಣದ ದಾರಿ ಹಿಡಿದವರಲ್ಲಿ ಹೆಸರಾದವನು ಅಮೆರಿಕದ ಹೆನ್ರಿ ಫೋರ್ಡ್. ಈ ಕಥೆಯನ್ನು ಜನ ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆಂದು ನನಗೆ ತೋರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1913ರಲ್ಲಿ ಅವನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ಚಲಿಸುವ ಜೋಡಣಾ ಸಾಲು ಬಂದಿತು. ಕಾರಿನ ಅಡಿಗಟ್ಟನ್ನು ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆ ಕೆಲವೇ ತಿಂಗಳಲ್ಲಿ ಒಂದೂವರೆ ಗಂಟೆಗೆ ಇಳಿಯಿತು. ಕಾರು ಬೇಗ ಬೇಗ ಹೊರಬಂದಿತು, ನಿಜ. ಬೆಳಗಿನಿಂದ ಸಂಜೆಯವರೆಗೆ ಒಂದೇ ತಿರುಪನ್ನು ತಿರುಗಿಸಬೇಕಾದ ಮನುಷ್ಯನೂ ಅಷ್ಟೇ ಬೇಗ ಹೊರನಡೆದ. ಸುಮಾರು 14,000 ಮಂದಿ ಬೇಕಾದಲ್ಲಿ ಆ ಒಂದು ವರ್ಷದಲ್ಲಿ 52,000ಕ್ಕೂ ಮಿಕ್ಕಿ ಜನರನ್ನು ಸೇರಿಸಿಕೊಳ್ಳಬೇಕಾಯಿತು.

1914ರ ಜನವರಿ 5ರಂದು ಫೋರ್ಡ್ ಕಂಪನಿ ದಿನಕ್ಕೆ ಐದು ಡಾಲರ್ ಎಂದು ಸಾರಿತು. ಅದುವರೆಗೆ ಇದ್ದುದು ಎರಡೂ ಚಿಲ್ಲರೆ. ದುಡಿಮೆಯ ಹೊತ್ತು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಯಿತು. ಲೋಕ ನೆನಪಿಟ್ಟಿರುವುದು ಇಷ್ಟನ್ನೇ. ಆದರೆ ಇದಕ್ಕೆ ಮೂರು ತಿಂಗಳು ಮುಂಚೆ ಜಾನ್ ಲೀ ಎಂಬ ಅಧಿಕಾರಿ ಜನ ಏಕೆ ಹೋಗುತ್ತಾರೆಂದು ವಿಚಾರಣೆ ನಡೆಸಿದ್ದ. ಕಡಿಮೆ ಕೂಲಿ, ದೀರ್ಘ ದುಡಿಮೆಗಳ ಜೊತೆಗೆ ಅವನಿಗೆ ಕಂಡ ಇನ್ನೊಂದು ಕಾರಣ, ಫೋರ್‌ಮನ್ನರು ಆಳುಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿ. ಮುನಿಸು ಬಂದ ಗಳಿಗೆಯಲ್ಲಿ ಯಾರನ್ನಾದರೂ ಕಿತ್ತುಹಾಕುವ ಅಧಿಕಾರ ಅವರಿಗಿತ್ತು. ಲೀ ಅದನ್ನು ಕಿತ್ತುಕೊಂಡ. ಒಂದೆಡೆ ಹೊಂದದವನನ್ನು ಇನ್ನೊಂದು ವಿಭಾಗದಲ್ಲಿ ಪರೀಕ್ಷಿಸಿ ನೋಡುವ ಏರ್ಪಾಡಾಯಿತು. ಕೂಲಿಯ 60ಕ್ಕೂ ಹೆಚ್ಚು ದರಗಳು ಎಂಟಕ್ಕೆ ಇಳಿದವು. ಪಕ್ಕದವನಿಗೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಸಿಗುವಂತಾಯಿತು. ಎರಡು ವರ್ಷದೊಳಗೆ ಹೋಗುವವರ ಪ್ರಮಾಣ ನೂರಕ್ಕೆ 370ರಿಂದ 16ಕ್ಕೆ ಬಂದಿತು. ಹಣವೊಂದೇ ಇದನ್ನು ಸಾಧಿಸಿತೆಂದು ನಾನು ಒಪ್ಪಲಾರೆ.

ಆ ಹಣಕ್ಕೆ ಒಂದು ಬೆಲೆಯೂ ಇತ್ತು. ಐದು ಡಾಲರ್ ಪಡೆಯುವವನ ಮನೆ ಚೊಕ್ಕಟವಾಗಿದೆಯೆ, ಅವನು ಕುಡಿಯುತ್ತಾನೆಯೆ, ಹಣ ಉಳಿಸುತ್ತಾನೆಯೆ ಎಂದು ವಿಚಾರಿಸಲು ಕಂಪನಿಯವರು ಬಾಗಿಲು ತಟ್ಟುತ್ತಿದ್ದರು. ಹೆಂಗಸರಿಗೆ ಮೊದಮೊದಲು ಆ ಕೂಲಿಯೇ ಇರಲಿಲ್ಲ. ಸಂಬಳ ಕೊಟ್ಟವನು ಸಂಸಾರವನ್ನೂ ಕೊಂಡೆನೆಂದುಕೊಂಡರೆ ಕೃತಜ್ಞತೆ ಎಲ್ಲಿಂದ ಬರಬೇಕು?

ನಮ್ಮ ಕಾರ್ಖಾನೆಯ ಒಬ್ಬ ಲೇತ್ ಕೆಲಸಗಾರರ ತಾಯಿಗೆ ವಾರಕ್ಕೆರಡು ದಿನ ಆಸ್ಪತ್ರೆಯ ಚಿಕಿತ್ಸೆ ಆಗಬೇಕಾಗಿತ್ತು. ಪಾಳಿ ಬದಲಿಸಿಕೊಡಿರೆಂದು ನಾಲ್ಕು ತಿಂಗಳು ಕೇಳಿದರು. 'ನೋಡೋಣ' ಎಂಬುದೇ ಉತ್ತರ. ಅವರು ಬೇರೆಡೆ ಮಾತು ಕೊಟ್ಟ ಮೇಲೆ ಮೇಲಿನವರು ಓಡಿಬಂದು ಸಂಬಳ ಹೆಚ್ಚಿಸುತ್ತೇವೆಂದರು. ಅವರು ನಕ್ಕು, "ಸಾರ್, ನಾನು ಕೇಳಿದ್ದು ಅದನ್ನಲ್ಲವಲ್ಲ" ಎಂದರು.

ಹೋಗುವವರನ್ನು ಕರೆದು ಕಾರಣ ಕೇಳುವ ಪದ್ಧತಿ ಈಗ ಎಲ್ಲೆಡೆಯೂ ಇದೆ. ಉಳಿದಿರುವವರನ್ನು ಕೇಳುವವರು ವಿರಳ. ಹಾಗೆ ಕೇಳುತ್ತಿದ್ದ ವ್ಯವಸ್ಥಾಪಕರೊಬ್ಬರನ್ನು ನಾನು ಕಂಡಿದ್ದೇನೆ. ತಿಂಗಳಿಗೊಮ್ಮೆ ಯಂತ್ರಗಳ ನಡುವೆ ನಡೆದಾಡಿ, ಈ ಕೆಲಸದಲ್ಲಿ ಬೇಸರ ತರುವುದು ಯಾವುದೆಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಮೊದಲು ಎಲ್ಲರೂ ಕ್ಯಾಂಟೀನಿನ ಚಹಾವನ್ನು ಬೈದರು. ಚಹಾ ಬೈಯಲು ಭಯವಿಲ್ಲ. ಮೂರನೆಯ ತಿಂಗಳು ಒಬ್ಬರು ಬಾಯಿಬಿಟ್ಟರು: ಮುಂದಿನ ವಾರದ ಪಾಳಿಯ ಪಟ್ಟಿ ಶನಿವಾರ ಸಂಜೆ ಅಂಟಿಸುತ್ತಾರೆ, ಊರಿಗೆ ಹೋಗುವುದೋ ಬಿಡುವುದೋ ತಿಳಿಯುವುದಿಲ್ಲ. ಆ ವಾರದಿಂದ ಪಟ್ಟಿ ಬುಧವಾರವೇ ಬಂದಿತು. ಖರ್ಚು ಒಂದು ಕಾಸೂ ಆಗಲಿಲ್ಲ. ಆ ವಿಭಾಗದಿಂದಲೂ ಕೆಲವರು ಹೋದರು. ಒಬ್ಬರು ಊರಿನಲ್ಲಿ ಅಡಕೆ ತೋಟ ನೋಡಿಕೊಳ್ಳಲು, ಇನ್ನೊಬ್ಬರು ಸ್ವಂತ ವರ್ಕ್‌ಷಾಪು ತೆರೆಯಲು. ವ್ಯವಸ್ಥಾಪಕರು ಅವರನ್ನು ತಡೆಯಲಿಲ್ಲ. ವರ್ಕ್‌ಷಾಪಿನ ಪೂಜೆಗೆ ತಾವೇ ಹೋಗಿ ಬಂದರು.