ಬ್ಯಾಳಿ ಬೇಯದ ನೀರು

ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳಿಂದ ಬಂದಿರುವ ರಸಾಯನಶಾಸ್ತ್ರದ ಗೆಳೆಯರೆ,

ಆಶಯ ಭಾಷಣಕ್ಕೆ ಕರೆದಿದ್ದೀರಿ. ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ.

ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಬಿ.ಎಸ್ಸಿ. ಮೊದಲ ವರ್ಷದ ಪ್ರ್ಯಾಕ್ಟಿಕಲ್. ಒಬ್ಬ ಹುಡುಗಿಯ ಬ್ಯೂರೆಟ್ಟಿನಲ್ಲಿ ದ್ರಾವಣ ಇನ್ನೂ ಸೊನ್ನೆ ಗುರುತಿನಲ್ಲೇ ನಿಂತಿದೆ. ಪುಸ್ತಕದಲ್ಲಿ ಮಾತ್ರ ಮೂರೂ ರೀಡಿಂಗ್ ಬರೆದಾಗಿದೆ: 10.2, 10.2, 10.2. ಗದರಿಸಿದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು: "ಸರ್, ನಾಕೂವರಿ ಬಸ್ ತಪ್ತದ್ರಿ. ಉತ್ತರ ಅಂತೂ ಇದೇ ಬರ್ತದಲ್ರಿ."

ನನ್ನ ಬಾಯಿ ಕಟ್ಟಿತು. ದ್ರಾವಣ ಕಲಸಿಟ್ಟವನು ನಾನೇ. ಹಿಂದಿನ ವರ್ಷವೂ ಅದನ್ನೇ ಕಲಸಿದ್ದೆ. ಸೀನಿಯರುಗಳ ರೆಕಾರ್ಡ್ ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಉತ್ತರ ಮೊದಲೇ ಗೊತ್ತಿದ್ದ ಮೇಲೆ ಅವಳು ಯಾಕೆ ಬಸ್ ತಪ್ಪಿಸಿಕೊಳ್ಳಬೇಕು?

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವುದು ಒಂದೇ ಮಾತು: ಉತ್ತರ ಮೇಷ್ಟ್ರಿಗೂ ಗೊತ್ತಿರಬಾರದು.

ಅಂಥ ಪ್ರಶ್ನೆ ಎಲ್ಲಿಂದ ತರುವುದು? ಅಡುಗೆಮನೆಯಿಂದ. ನಮ್ಮದು ತೊಗರಿ ನಾಡು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆಯೂ ಬಂತು. ಆದರೂ ಎಷ್ಟೋ ಮನೆಗಳಲ್ಲಿ "ಈ ನೀರಾಗ ಬ್ಯಾಳಿ ಬೇಯಂಗಿಲ್ಲ" ಅನ್ನುತ್ತ ತಾಯಂದಿರು ಚಿಟಿಕೆ ಸೋಡಾ ಹಾಕುತ್ತಾರೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಬಿಗಿಯುತ್ತದೆ. ಸೋಡಾ ಆ ಬಿಗಿ ಸಡಿಲಿಸುತ್ತದೆ. ಅಯಾನು, ಬಂಧ, ಪಿಎಚ್, ಎಲ್ಲವೂ ಆ ಒಂದು ಪಾತ್ರೆಯಲ್ಲಿವೆ. ನಾವು ಅದನ್ನು ಬಿಟ್ಟು ಇ.ಡಿ.ಟಿ.ಎ. ಟೈಟ್ರೇಷನ್ನಿಗೆ ನಾವೇ ತಯಾರಿಸಿದ 'ಸ್ಯಾಂಪಲ್' ಕೊಡುತ್ತೇವೆ.

ಹುಡುಗರು ತಮ್ಮೂರ ನೀರನ್ನೇ ಬಾಟಲಿಯಲ್ಲಿ ತರಲಿ. 50 ಮಿಲೀ ನೀರು, ಪಿಎಚ್ 10ರ ಅಮೋನಿಯಾ ಬಫರ್, ಚೂರು ಎರಿಯೋಕ್ರೋಮ್ ಬ್ಲ್ಯಾಕ್ ಟಿ. ಕೆಂಪು ಕರಗಿ ನೀಲಿಯಾಗುವವರೆಗೆ 0.01 ಮೋಲಾರ್ ಇ.ಡಿ.ಟಿ.ಎ. ಒಂದು ಮಿಲೀಗೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕ. 24 ಮಿಲೀ ಇಳಿದರೆ ಲೀಟರಿಗೆ 480 ಮಿಲಿಗ್ರಾಂ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ ಇಡುವ ಗೆರೆ 200; ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ತನ್ನ ಮನೆಯ ಬೋರಿನ ನೀರು ಈ ಗೆರೆಯ ಯಾವ ಕಡೆ ಇದೆ ಅಂತ ನೋಡಲು ಹುಡುಗಿ ಎರಡನೇ ರೀಡಿಂಗ್ ತಾನಾಗಿಯೇ ತೆಗೆಯುತ್ತಾಳೆ. ಎರಡೂ ತಾಳೆಯಾಗದಿದ್ದರೆ ಮೂರನೆಯದನ್ನೂ.

ಇನ್ನೊಂದು ಮಾತು. ನಮ್ಮ ಮೂರು ತಾಲ್ಲೂಕುಗಳನ್ನು ಒಂದೇ ನೀರು ಪೋಣಿಸಿದೆ. ಆಳಂದದ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಕಡೆ ಹರಿಯುತ್ತದೆ. ಮೇಲೆ ಆಳಂದದಲ್ಲಿ ಕರಿಕಲ್ಲು, ಕೆಳಗೆ ಹೋದಂತೆ ಶಹಾಬಾದ್ ಪರಸಿಯ ಸುಣ್ಣದ ಪದರ. ಮೂರು ಕಡೆಯ ಕಾಲೇಜುಗಳು ಒಂದೇ ವಾರ ನೀರು ತೆಗೆದು, ಅಂಕಿಗಳನ್ನು ಒಬ್ಬರಿಗೊಬ್ಬರು ಕಳಿಸಿ, ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ನೋಡಿದರೆ? ಏನು ಬರುತ್ತದೆ ಅಂತ ನನಗೆ ಗೊತ್ತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಭಾಷೆಯ ತೊಡಕು ನಿಮಗೆ ಹೊಸದಲ್ಲ. 'ಹಾರ್ಡ್‌ನೆಸ್' ಅಂದರೆ ಹುಡುಗರು ಇಂಗ್ಲಿಷ್ ವ್ಯಾಖ್ಯೆ ಗಡಗಡ ಒಪ್ಪಿಸುತ್ತಾರೆ. ನಿಮ್ಮೂರ ಬಾವಿ ಸಿಹಿಯೋ ಸವಳೋ ಅಂದಾಗ ಮಾತ್ರ ಮುಖ ಅರಳುತ್ತದೆ. ಸವಳು ಬೇರೆ, ಗಡಸು ಬೇರೆ; ಊರಲ್ಲಿ ಎರಡಕ್ಕೂ ಒಂದೇ ಮಾತು. ಉಪ್ಪಿನ ಸೋಡಿಯಂ ಸಾಬೂನಿನ ನೊರೆಗೆ ಕ್ಯಾಲ್ಸಿಯಂ ಕೊಡುವಷ್ಟು ಕಾಟ ಕೊಡುವುದಿಲ್ಲ. ಈ ಗೊಂದಲ ಬಿಡಿಸುವುದಕ್ಕೆ ಒಂದು ಇಡೀ ತರಗತಿ ಕೊಡಿ, ಕನ್ನಡದಲ್ಲೇ. ರಸಾಯನಶಾಸ್ತ್ರದ ಬೋಧನೆಯನ್ನೇ ಅಧ್ಯಯನ ಮಾಡಿದ ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ ಹೇಳಿದ್ದೂ ಇದಕ್ಕೆ ಹತ್ತಿರದ್ದೇ: ಕಣ್ಣಿಗೆ ಕಾಣುವುದು, ಕಣಗಳಲ್ಲಿ ನಡೆಯುವುದು, ಸಂಕೇತದಲ್ಲಿ ಬರೆಯುವುದು, ಈ ಮೂರನ್ನೂ ಒಟ್ಟಿಗೆ ಸುರಿದರೆ ಹೊಸಬರ ತಲೆ ತಡೆಯದು. ನಾವು ಸಂಕೇತದಿಂದಲೇ ಶುರು ಮಾಡುತ್ತೇವೆ. ಇಂಗ್ಲಿಷ್ ಬಿಟ್ಟು ಕೆಮಿಸ್ಟ್ರಿ ಆಗುವುದಿಲ್ಲ ಅನ್ನುವವರಿಗೆ ಒಂದು ನೆನಪು: ನಾವು ನಿಜಾಮರ ಸೀಮೆಯಲ್ಲಿದ್ದಾಗ 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ದಶಕಗಳ ಕಾಲ ವಿಜ್ಞಾನವನ್ನು ಉರ್ದುವಿನಲ್ಲೇ ಕಲಿಸಿತು. ಆಸಿಡ್ಡಿಗೆ ತೇಜಾಬ್ ಅಂದರೂ ಲಿಟ್ಮಸ್ ಕೆಂಪಾಗುತ್ತಿತ್ತು.

ಪಠ್ಯಕ್ರಮದ ಬಗ್ಗೆ ನಾನು ಹೆಚ್ಚು ಆಡುವುದಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಅಷ್ಟರಲ್ಲಿ 10.2 ಎಲ್ಲೂ ಕದಲಲಿಲ್ಲ. ಆದರೆ ಪ್ರ್ಯಾಕ್ಟಿಕಲ್ಲನ್ನು ಬೆಳಗಿನ ಹೊತ್ತಿಗೆ ಹಾಕುವುದು ನಮ್ಮ ಕೈಯಲ್ಲೇ ಇದೆ. ಟೈಮ್‌ಟೇಬಲ್ ಬರೆಯುವವರು ಬಸ್ಸಿನ ವೇಳೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ.

ನೀವು ತಂದಿರುವ ನೀರಿನ ಬಾಟಲಿಗಳನ್ನು ಪಕ್ಕದ ಲ್ಯಾಬಿನ ಮೇಜಿನ ಮೇಲೆ ನೋಡಿದೆ. ಕೆಲವಕ್ಕೆ ಚೀಟಿ ಇಲ್ಲ. ಯಾವ ಊರು, ಬಾವಿಯೋ ಬೋರೋ ನದಿಯೋ, ಯಾವತ್ತು ತುಂಬಿದ್ದು ಅಂತ ಚಹಾದ ಹೊತ್ತಿಗೆ ಬರೆದು ಅಂಟಿಸಿಬಿಡಿ. ಮೊದಲ ಬ್ಯೂರೆಟ್ ನಾನು ತುಂಬುತ್ತೇನೆ.